ಹಳ್ಳಿಕಾರ್ ಎತ್ತಿಗೆ ಲೀಟರ್ ಲೆಕ್ಕ ಬೇಡ ಸ್ವಾಮಿ: ಪಶುಸಂಗೋಪನಾ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ನಾಗಮಂಗಲ ತಾಲ್ಲೂಕಿನ ರಾಗಿ ಬೆಳೆಗಾರ. ಮೂರೂವರೆ ಎಕರೆ ಹೊಲ, ಎಲ್ಲಾ ಮಳೆ ನಂಬಿದ್ದು. ಕೊಟ್ಟಿಗೆಯಲ್ಲಿ ನಮ್ಮ ಕಡೆಯ ನಾಟಿ ತಳಿಯಾದ ಹಳ್ಳಿಕಾರ್‌ನ ಒಂದು ಜೊತೆ ಎತ್ತು, ಎರಡು ಹಳ್ಳಿಕಾರ್ ಹಸು, ಒಂದು ಕಡಸು ಇವೆ. ಒಂದು ಸೀಮೆ ಹಸುವೂ ಇದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾಟಿ ದನ ಉಳಿಸಿ ಅಂತ ಭಾಷಣ ಮಾಡುವವರ ಮನೆಯಲ್ಲೂ ಒಲೆ ಮೇಲೆ ಕಾಯೋದು ಸೀಮೆ ಹಸುವಿನ ಹಾಲೇ ಅಂತ ಜನ ಆಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಕಾಯೋದು ಅದೇ. ಡೈರಿ ಬಟವಾಡೆ ಇಲ್ಲದಿದ್ದರೆ ಮಕ್ಕಳ ಫೀಸು ಕಟ್ಟೋಕೆ ಆಗುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ ಮೊಬೈಲ್ ಹಿಡಿದುಕೊಂಡು ರಾಸುಗಳ ಲೆಕ್ಕ ಬರೆಯೋಕೆ ಬಂದ. ಒಳ್ಳೆಯ ಹುಡುಗ, ಚಪ್ಪಲಿ ಬಿಟ್ಟೇ ಕೊಟ್ಟಿಗೆಗೆ ಬಂದ. ಒಂದೊಂದು ರಾಸಿನ ಮುಂದೆಯೂ ನಿಂತು 'ದಿನಕ್ಕೆ ಎಷ್ಟು ಲೀಟರ್?' ಅಂತ ಕೇಳಿದ. ಸೀಮೆ ಹಸು ಹನ್ನೆರಡು ಅಂದೆ. ಹಳ್ಳಿಕಾರ್ ಹಸುವಿಗೆ, ಕರು ಕುಡಿದು ಮಿಕ್ಕಿದ್ದು ಎರಡು ಅಂದೆ. ಎತ್ತುಗಳ ಮುಂದೆ ಬಂದಾಗ ಅವನು ಕೇಳಲೇ ಇಲ್ಲ. ನಕ್ಕು, ಸೊನ್ನೆ ಒತ್ತಿ, ಮುಂದಕ್ಕೆ ಹೋದ.

ಆ ಸೊನ್ನೆ ನನಗೆ ಇನ್ನೂ ಚುಚ್ಚುತ್ತಿದೆ. ಅದಕ್ಕೇ ಈ ಪತ್ರ.

ನೀವು ಒಮ್ಮೆ ಆಗಸ್ಟ್ ತಿಂಗಳಲ್ಲಿ ನಮ್ಮ ಕಡೆ ಬರಬೇಕು. ಜುಲೈನಲ್ಲಿ ಕೂರಿಗೆಯಿಂದ, ಅಂದರೆ ಎತ್ತು ಎಳೆಯುವ ಬಿತ್ತನೆ ಸಾಧನದಿಂದ, ಸಾಲಾಗಿ ಬಿತ್ತಿದ ರಾಗಿ ಅಷ್ಟು ಹೊತ್ತಿಗೆ ಗೇಣುದ್ದ ಬಂದಿರುತ್ತದೆ. ಬಿತ್ತಿ ಮೂರು ವಾರಕ್ಕೆ ಹಲುಬೆ ಹೊಡೆಯಬೇಕು. ಹಲುಬೆಗೆ ಬಾಚಣಿಗೆಯ ಹಾಗೆ ಹಲ್ಲುಗಳಿರುತ್ತವೆ. ಅದನ್ನು ಎತ್ತಿಗೆ ಕಟ್ಟಿ ಪೈರಿನ ಮೇಲೆಯೇ ಎಳೆಸಿಕೊಂಡು ಹೋಗುತ್ತೇವೆ. ಹೊಸದಾಗಿ ನೋಡಿದವರಿಗೆ ಇವನಿಗೇನು ತಲೆ ಕೆಟ್ಟಿದೆಯಾ, ಬೆಳೆ ಹಾಳು ಮಾಡ್ತಿದ್ದಾನಲ್ಲ ಅನ್ನಿಸುತ್ತದೆ. ಒತ್ತಾಗಿ ಹುಟ್ಟಿದ ಪೈರು ಕಿತ್ತು ತೆಳುವಾಗುತ್ತದೆ. ಕಳೆ ಬೇರು ಸಮೇತ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಬಗ್ಗಿ ಮಲಗಿದ ಪೈರು ವಾರದೊಳಗೆ ಎದ್ದು ತೆಂಡೆ ಹೊಡೆಯುತ್ತದೆ, ಅಂದರೆ ಬುಡದಿಂದ ಹೊಸ ಕವಲು ಒಡೆಯುತ್ತದೆ. ಆಮೇಲೆ ಸಾಲಿನ ನಡುವೆ ಕಳೆ ತೆಗೆಯುವ ಎಡೆಕುಂಟೆ ಹಾಕುತ್ತೇವೆ. ಸಾಲಿಗೂ ಸಾಲಿಗೂ ಹೆಚ್ಚೆಂದರೆ ಒಂದಡಿ ಜಾಗ. ಅಷ್ಟರಲ್ಲೇ ಹಳ್ಳಿಕಾರ್ ಎತ್ತು ತನ್ನ ಸಣ್ಣ ಗೊರಸು ಇಟ್ಟುಕೊಂಡು ಬೀಸಾಗಿ ನಡೆದುಹೋಗುತ್ತದೆ.

ನಮ್ಮ ಎಡಗಡೆ ಎತ್ತಿನ ಹೆಸರು ಬಿಳಿಯ. ಬಾಯಿಗೂಡಿ, ಅಂದರೆ ಹಲ್ಲೆಲ್ಲ ಬಂದು, ನಾಲ್ಕೈದು ವರ್ಷ ಆಯ್ತು. ಅವನ ಹಗ್ಗ ಜಗ್ಗುವ ಅಗತ್ಯವೇ ಬೀಳುವುದಿಲ್ಲ. ಸಾಲು ಮುಗಿದಾಗ ನಾನು ಕುಂಟೆ ಎತ್ತಿ ಮಣ್ಣು ಕೊಡವುವ ಸದ್ದಿಗೇ ತಿರುಗುತ್ತಾನೆ. ಬಲಗಡೆಯ ಕರಿಯ ಇನ್ನೂ ನಾಲ್ಕು ಹಲ್ಲು, ಹುಡುಗಾಟ ಜಾಸ್ತಿ. ಬಾಯಿಗೆ ಕುಕ್ಕೆ ಹಾಕದಿದ್ದರೆ ಅವರೆ ಚಿಗುರು ಕಂಡಲ್ಲೆಲ್ಲ ನಿಂತುಬಿಡುತ್ತಾನೆ. ಬಿಳಿಯ ನಿಲ್ಲದೆ ನಡೆಯುವುದರಿಂದ ಇವನೂ ನಡೆಯಲೇಬೇಕು. ನಾನು ಕಲಿಸಿದ್ದಕ್ಕಿಂತ ಬಿಳಿಯ ಕಲಿಸಿದ್ದೇ ಹೆಚ್ಚು.

ಟ್ರ್ಯಾಕ್ಟರ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಟ್ಟಿ ನೆಲದ ಉಳುಮೆಗೆ ನಾನೂ ಕರೆಸುತ್ತೇನೆ. ಎತ್ತು ಇಡೀ ದಿನ ಉಳುವ ಒಂದು ಎಕರೆಯನ್ನು ಅದು ಗಂಟೆಯಲ್ಲಿ ಮುಗಿಸುತ್ತದೆ. ಆದರೆ ಬೆಳೆದು ನಿಂತ ರಾಗಿಯೊಳಗೆ ಅದು ಇಳಿಯೋಕೆ ಆಗಲ್ಲ. ಇನ್ನೊಂದು, ಹದ. ಮಳೆ ಬಿದ್ದ ಮೇಲೆ ನಮ್ಮ ಕೆಂಪು ನೆಲದಲ್ಲಿ ಬಿತ್ತನೆಗೆ ಹದ ಇರೋದು ಎರಡು ದಿನ, ಅಬ್ಬಬ್ಬಾ ಅಂದರೆ ಮೂರು. ಊರಿನವರೆಲ್ಲ ಒಂದೇ ದಿನ ಅದೇ ಎರಡು ಟ್ರ್ಯಾಕ್ಟರಿಗೆ ಫೋನ್ ಮಾಡುತ್ತಾರೆ. ದೊಡ್ಡ ಹೊಲದವರದ್ದು ಮೊದಲು, ನಮ್ಮಂಥವರದ್ದು ಕೊನೆಗೆ. ಅಷ್ಟರಲ್ಲಿ ಹದ ಆರಿಹೋಗಿರುತ್ತದೆ. ಕೊಟ್ಟಿಗೆಯಲ್ಲಿ ಎತ್ತಿದ್ದವನು ಯಾರಿಗೂ ಫೋನ್ ಮಾಡಬೇಕಾಗಿಲ್ಲ. ಬೆಳಗಿನ ಜಾವ ಎದ್ದು ಕೂರಿಗೆ ಹೂಡುತ್ತಾನೆ.

ಎತ್ತು ಹೋದ ಮನೆಗಳಲ್ಲಿ ಏನಾಯಿತು ಅಂತ ನಮ್ಮೂರಿನಲ್ಲೇ ನೋಡಿದ್ದೇನೆ. ಕೂರಿಗೆ ಬಿತ್ತನೆಯಲ್ಲಿ ಹಿಂದೆ ಒಬ್ಬರು ಸಡ್ಡೆ, ಅಂದರೆ ಬೇರೆ ಬೀಜ ಬಿಡುವ ಕೊಳವೆ, ಹಿಡಿದು ಬರುತ್ತಾರೆ. ನಮ್ಮ ಮನೆಯಲ್ಲಿ ಆ ಕೆಲಸ ಅಮ್ಮನದು. ಇಷ್ಟು ಸಾಲು ರಾಗಿ ಆದರೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ನಾಲ್ಕು ಕಾಳು ಜೋಳ. ಎಲ್ಲಿ ಏನು ಬೀಳಬೇಕು ಅಂತ ಅಮ್ಮನ ಬೆರಳಿಗೆ ಗೊತ್ತು. ಎತ್ತು ಮಾರಿದ ಮೇಲೆ ಅಕ್ಕಡಿ ಸಾಲು ನಿಂತುಹೋಯಿತು, ಹೊಲದ ತುಂಬ ಬರೀ ರಾಗಿ ಎರಚಿದರು. ಆಮೇಲೆ ಕಟಾವಿನ ಯಂತ್ರ ಬಂತು. ಅದು ತೆನೆ ತಿಂದು ಹುಲ್ಲನ್ನು ಪುಡಿ ಮಾಡಿ ಹೊಲದಲ್ಲೇ ಚೆಲ್ಲಿತು. ಬಣವೆ ಇಲ್ಲ. ಬಣವೆ ಇಲ್ಲದ ಮನೆಗೆ ದನ ಕಟ್ಟೋಕೆ ಧೈರ್ಯ ಇಲ್ಲ. ದನ ಇಲ್ಲದ ಮೇಲೆ ತಿಪ್ಪೆ ಎಲ್ಲಿಂದ ಬರಬೇಕು? ಈಗ ಅದೇ ಜನ ಬೇರೆ ಊರಿಂದ ಲೋಡುಗಟ್ಟಲೆ ಗೊಬ್ಬರ ದುಡ್ಡು ಕೊಟ್ಟು ತರಿಸುತ್ತಾರೆ. ಅವರೆಕಾಯಿಯನ್ನೂ ಸಂತೆಯಲ್ಲಿ ಕೊಳ್ಳುತ್ತಾರೆ. ಅವರೆಕಾಯಿ ಕೊಳ್ಳೋದು ನಮ್ಮ ಸೀಮೆಯ ರೈತನಿಗೆ ಸ್ವಲ್ಪ ನಾಚಿಕೆಯ ವಿಷಯ, ಅಲ್ವಾ?

ಎತ್ತಿನ ದುಡ್ಡಿನ ಲೆಕ್ಕವನ್ನೂ ಹೇಳುತ್ತೇನೆ. ಇದು ಯಾವ ಬ್ಯಾಂಕಿನ ಪುಸ್ತಕದಲ್ಲೂ ಇರುವುದಿಲ್ಲ. ನಮ್ಮಪ್ಪ ಎಳೆಯ ಹೋರಿಗರುಗಳ ಜೊತೆ ತರುತ್ತಿದ್ದರು, ಇನ್ನೂ ಹಾಲುಹಲ್ಲು. ಎರಡು ಹಲ್ಲು ಬರುವಷ್ಟರಲ್ಲಿ ಬೀಜ ಒಡೆಸಿ, ಹಳೆಯ ಎತ್ತಿನ ಜೊತೆಗೆ ನೊಗಕ್ಕೆ ಕಟ್ಟಿ ಪಳಗಿಸುತ್ತಿದ್ದರು. ಮೊದಲು ಬರೀ ನೊಗ, ಆಮೇಲೆ ಮರದ ದಿಮ್ಮಿ, ಆಮೇಲೆ ಖಾಲಿ ಗಾಡಿ, ಕೊನೆಗೆ ನೇಗಿಲು. ಒಂದೆರಡು ವರ್ಷ ಹೊಲದ ಕೆಲಸ ಮಾಡಿಸಿಕೊಂಡು, ಆರು ಹಲ್ಲಿಗೆ ಜಾತ್ರೆಗೆ ಹೊಡೆದುಕೊಂಡು ಹೋಗಿ ಮಾರುತ್ತಿದ್ದರು. ಮತ್ತೆ ಎಳೆಗರು ತರುತ್ತಿದ್ದರು. ನಡುವೆ ಉಳಿದ ದುಡ್ಡಲ್ಲಿ ನಮ್ಮಕ್ಕನ ಮದುವೆ ಆಯ್ತು, ಮನೆಗೆ ಹೆಂಚು ಬಂತು. ದುಡಿಸಿಕೊಂಡಷ್ಟೂ ಬೆಲೆ ಏರುವ ಸಾಮಾನು ರೈತನ ಹತ್ತಿರ ಬೇರೆ ಏನಿದೆ ಹೇಳಿ. ಟ್ರ್ಯಾಕ್ಟರ್ ಶೋರೂಮಿನ ಬಾಗಿಲು ದಾಟಿದ ದಿನವೇ ಬೆಲೆ ಇಳಿಯುತ್ತದೆ.

ಚಿಕ್ಕವನಿದ್ದಾಗ ಅಪ್ಪನ ಜೊತೆ ಚುಂಚನಕಟ್ಟೆ, ಹೇಮಗಿರಿಯ ದನದ ಜಾತ್ರೆಗಳಿಗೂ ಹೋಗಿದ್ದೇನೆ. ದಲ್ಲಾಳಿ ಟವೆಲ್ ಹೊದಿಸಿ, ಅದರ ಕೆಳಗೆ ಅಪ್ಪನ ಬೆರಳು ಹಿಡಿಯುತ್ತಿದ್ದ. ಎಷ್ಟು ಬೆರಳು ಅಮುಕಿದರೆ ಎಷ್ಟು ಸಾವಿರ ಅಂತ ಸುತ್ತ ನಿಂತವರಿಗೆ ಗೊತ್ತಾಗಬಾರದು. ಮುಖದಲ್ಲೂ ತೋರಿಸಬಾರದು. ಅಪ್ಪ ಆ ಹೊತ್ತಿನಲ್ಲಿ ಯಾವಾಗಲೂ ಆಕಾಶ ನೋಡುತ್ತಿದ್ದರು. ಕೊಳ್ಳುವವರು ಬಾಯಿ ಬಿಡಿಸಿ ಹಲ್ಲು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು, ಬಾಲ ಎತ್ತಿ ನೋಡುತ್ತಿದ್ದರು. ಬುಡದಲ್ಲಿ ಹತ್ತಿರ ಇದ್ದು ಹಿಂದಕ್ಕೆ ಬಾಗಿ ಮೇಲೇರುವ ಆ ಉದ್ದ ಕೊಂಬು ಎರಡಕ್ಕೂ ಒಂದೇ ಥರ ಕೂಡಿಬಂದರೆ ಬೆಲೆಯೇ ಬೇರೆ. ಘಾಟಿ, ಸಿದ್ಧಗಂಗೆ, ಮುಡುಕುತೊರೆ, ಇವೆಲ್ಲ ಇವತ್ತೂ ನಡೆಯುತ್ತವೆ. ಆದರೆ ನಾನು ಹೋದ ಜಾತ್ರೆಗಳಲ್ಲಿ ಉಳುವವನು ಕೊಳ್ಳೋದು ಕಡಿಮೆಯಾಗಿದೆ, ನೋಡೋಕೆ ಬರುವವರು ಜಾಸ್ತಿಯಾಗಿದ್ದಾರೆ.

ಹೌದು, ಹಳ್ಳಿಕಾರ್‌ಗೆ ಈಗ ಹೆಸರು ಬಂದಿದೆ. 2000ನೇ ಇಸವಿಯಲ್ಲಿ ಅಂಚೆ ಇಲಾಖೆ ಸ್ಟಾಂಪ್ ತಂದಿತು. 2021ರ ಬೆಂಗಳೂರು ಕೃಷಿ ಮೇಳದಲ್ಲಿ ಒಂದು ಹಳ್ಳಿಕಾರ್ ಹೋರಿಗೆ ಕೋಟಿ ರೂಪಾಯಿ ಬೆಲೆ ಅಂತ ಟೀವಿಯಲ್ಲೆಲ್ಲ ಬಂತು. ಎತ್ತಿನಗಾಡಿ ಓಟಕ್ಕೂ 2023ರಲ್ಲಿ ಸುಪ್ರೀಂ ಕೋರ್ಟಿನಿಂದ ದಾರಿ ಸಿಕ್ಕಿತು. ಹುಡುಗರು ಹೋರಿಗೆ ಶಾಂಪೂ ಹಾಕಿ ತೊಳೆದು ರೀಲ್ಸ್ ಮಾಡುತ್ತಾರೆ. ನನಗೇನೂ ಹೊಟ್ಟೆಉರಿ ಇಲ್ಲ. ಆ ಹುಡುಗರು ಇರೋದರಿಂದಲೇ ಒಳ್ಳೆಯ ಬೀಜದ ಹೋರಿಗಳು ಒಂದಷ್ಟು ಉಳಿದಿವೆ. ಆದರೆ ಮೈ ಮಿರಿಮಿರಿ ಅನ್ನುವ ಹೋರಿ ಬೇರೆ, ಮೂರು ಗಂಟೆ ಎಡೆಕುಂಟೆ ಎಳೆದು ಸಂಜೆ ಮತ್ತೆ ಗಾಡಿಗೆ ನಿಲ್ಲುವ ಎತ್ತು ಬೇರೆ. ಕೆಲಸ ನೋಡಿ ಆರಿಸುವವರು ಇಲ್ಲದೆ, ಬಣ್ಣ ಕೊಂಬು ನೋಡಿ ಆರಿಸುವವರೇ ಉಳಿದರೆ ತಳಿಯ ಸತ್ವ ಇನ್ನೆರಡು ತಲೆಮಾರಿಗೆ ಎಲ್ಲಿಗೆ ಬಂದು ನಿಲ್ಲುತ್ತದೋ ಅಂತ ನನಗೆ ಭಯ.

ಲೆಕ್ಕ ನಿಮ್ಮ ಹತ್ತಿರವೇ ಇದೆ. 2019ರ 20ನೇ ಜಾನುವಾರು ಗಣತಿಯ ಪ್ರಕಾರ, 2012ರಿಂದ ಏಳು ವರ್ಷದಲ್ಲಿ ದೇಶದಲ್ಲಿ ನಾಟಿ ದನ ಸುಮಾರು ಶೇ 6 ಇಳಿದಿದೆ, ಮಿಶ್ರತಳಿ ಸುಮಾರು ಶೇ 27 ಏರಿದೆ. ಇವನ್ನು ಎಲ್ಲರೂ ಹೇಳುತ್ತಾರೆ. ಅದೇ ಗಣತಿಯಲ್ಲಿ ಇನ್ನೊಂದು ಸಂಖ್ಯೆ ಇದೆ. ಗಂಡು ದನ ಶೇ 30ರಷ್ಟು ಕಡಿಮೆಯಾಗಿದೆ. ಹಳ್ಳಿಕಾರ್‌ನಂಥ ತಳಿಗೆ ಇದು ಕುತ್ತಿಗೆಗೆ ಬಂದ ಹಾಗೆ. ಯಾಕೆಂದರೆ ಈ ತಳಿಯನ್ನು ನಮ್ಮ ಹಿರಿಯರು ಸಾಕಿದ್ದೇ ಗಂಡಿಗೋಸ್ಕರ. ಹಸು ಎರಡು ಲೀಟರ್ ಕೊಟ್ಟರೂ ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ, ಮುಂದಿನ ಜೊತೆ ಎತ್ತು ಅದರ ಹೊಟ್ಟೆಯಿಂದ ಬರಬೇಕಿತ್ತು. ಗಂಡುಗರುವಿಗೆ ಕೆಲಸ ಇಲ್ಲ ಅಂದರೆ ಹಸುವನ್ನು ಯಾಕೆ ಸಾಕಬೇಕು?

ಇಲ್ಲಿಗೇ ನಿಮ್ಮ ಸರ್ಕಾರದ ಲೀಟರ್ ಬಂದು ಸೇರುತ್ತದೆ. ಡೈರಿಗೆ ಹಾಕುವ ಹಾಲಿಗೆ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತೀರಿ. ಒಳ್ಳೆಯದೇ, ನಾನೂ ತೆಗೆದುಕೊಳ್ಳುತ್ತೇನೆ. ನನ್ನ ಸೀಮೆ ಹಸುವಿಗೆ ದಿನಕ್ಕೆ 60 ರೂಪಾಯಿ ಆಯ್ತು. ಹಳ್ಳಿಕಾರ್ ಹಸುವಿನ ಹಾಲು ಮನೆಯಲ್ಲೇ ಮುಗಿಯುತ್ತದೆ, ಅದಕ್ಕೆ ಏನೂ ಇಲ್ಲ. ಎತ್ತಿಗೆ ಕೇಳುವ ಹಾಗೇ ಇಲ್ಲ. ಟ್ರ್ಯಾಕ್ಟರಿಗೆ, ಟಿಲ್ಲರಿಗೆ ಸಬ್ಸಿಡಿ ಇದೆ. ಎತ್ತಿನ ಮೇವಿಗೆ, ಲಾಳ ಕಟ್ಟಿಸುವ ಖರ್ಚಿಗೆ ಇಲ್ಲ. ಯಾರೂ ಹಳ್ಳಿಕಾರ್ ಸಾಯಲಿ ಅಂತ ಆದೇಶ ಮಾಡಿಲ್ಲ, ನಿಜ. ಆದರೆ ದುಡ್ಡು ಎತ್ತ ಹರಿಯುತ್ತದೋ ರೈತ ಅತ್ತಲೇ ನಡೆಯುತ್ತಾನೆ.

ಹಿಂದಿನ ಸರ್ಕಾರಗಳು ಹೀಗೆ ಅಳೆದಿರಲಿಲ್ಲ. 1673ರಿಂದ 1704ರವರೆಗೆ ಮೈಸೂರು ಆಳಿದ ಚಿಕ್ಕದೇವರಾಜ ಒಡೆಯರು ದನಗಳಿಗೆ ಅಂತ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನೇ ಇಟ್ಟಿದ್ದರು. ಮೇಯೋಕೆ ಕಾವಲುಗಳನ್ನು, ಅಂದರೆ ಹುಲ್ಲುಗಾವಲುಗಳನ್ನು, ಬಿಟ್ಟಿದ್ದರು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಹೆಸರಲ್ಲಿ ಬೆಣ್ಣೆ, ಅಮೃತ ಇದ್ದರೂ ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಆ ದನಗಳ ಮುಖ್ಯ ಕೆಲಸ ಫಿರಂಗಿ, ಸಾಮಾನು ಎಳೆಯೋದು. ಹಳ್ಳಿಕಾರ್ ಮೂಲದಿಂದಲೇ ಬೆಳೆದ ಆ ಅಮೃತ ಮಹಲ್ ಎತ್ತುಗಳನ್ನು 1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರೂ ಬಿಡಲಿಲ್ಲ, ತಮ್ಮ ಸೇನೆಗೆ ಇಟ್ಟುಕೊಂಡರು. ನಡೆಯುವ ವೇಗ, ಎಳೆಯುವ ತಾಕತ್ತು, ಹಸಿವು ತಡೆಯುವ ಗುಣ, ಇವನ್ನು ನೋಡಿದರು. ಈಗ ಆ ಕಾವಲುಗಳ ಕಥೆ ನಿಮಗೇ ಗೊತ್ತು. ಚಳ್ಳಕೆರೆ ಕಡೆ ಸಾವಿರಾರು ಎಕರೆ ಕಾವಲು ರಕ್ಷಣೆ, ವಿಜ್ಞಾನದ ಸಂಸ್ಥೆಗಳಿಗೆ ಹೋಯಿತು.

ಊರ ಗೋಮಾಳದ ಕಥೆ ಇನ್ನೂ ವಿಚಿತ್ರ. ಭೂಕಂದಾಯ ನಿಯಮದಂತೆ ನೂರು ರಾಸಿಗೆ 30 ಎಕರೆ ಗೋಮಾಳ ಇರಬೇಕು. ಕೇಳೋಕೆ ಚೆನ್ನಾಗಿದೆ. ಆದರೆ ರಾಸು ಕಡಿಮೆಯಾದರೆ ಏನಾಗುತ್ತದೆ? ಗೋಮಾಳ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಆದ ಜಾಗವನ್ನು ಬೇರೆ ಕೆಲಸಕ್ಕೆ ಕೊಡಬಹುದು. ಕೊಟ್ಟ ಮೇಲೆ ಮೇಯೋಕೆ ಜಾಗ ಇಲ್ಲ, ಇರುವ ನಾಲ್ಕು ರಾಸನ್ನೂ ಜನ ಮಾರುತ್ತಾರೆ. ಮುಂದಿನ ಗಣತಿಯಲ್ಲಿ ಇನ್ನಷ್ಟು ಹೆಚ್ಚುವರಿ. ಸೀಮೆ ಹಸುವನ್ನು ಕಟ್ಟಿಹಾಕಿ ಮೇಯಿಸಬಹುದು. ಹಳ್ಳಿಕಾರ್ ಹಸು ತಿರುಗಾಡಿ ಮೇದರೇ ಅದಕ್ಕೆ ಮೈಗೆ ಹತ್ತೋದು.

ಈಗ ನನ್ನ ಮನೆಯ ಒಂದು ಘಟನೆ ಹೇಳುತ್ತೇನೆ. ಮೂರು ವರ್ಷದ ಹಿಂದೆ ಹಳ್ಳಿಕಾರ್ ಹಸು ಬೆದೆಗೆ ಬಂತು. ಹತ್ತಿರದಲ್ಲಿ ಬೀಜದ ಹೋರಿ ಇರಲಿಲ್ಲ, ಇಂಜೆಕ್ಷನ್ ಕೊಡುವವರನ್ನು ಕರೆಸಿದೆ. ಹಳ್ಳಿಕಾರ್ ಕಡ್ಡಿ (ಹೋರಿಯ ವೀರ್ಯ ತುಂಬಿದ ನಳಿಕೆ) ಖಾಲಿಯಾಗಿದೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಬೆದೆ ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು ಅಂದರು. ಇದ್ದದ್ದನ್ನೇ ಹಾಕಿದರು. ಅದು ಎಚ್.ಎಫ್., ದೊಡ್ಡ ಮೈಯ ವಿದೇಶಿ ಹಾಲಿನ ತಳಿ. ನಾನೂ ಹೂಂ ಅಂದೆ, ತಪ್ಪು ನನ್ನದೂ ಇದೆ. ಕರು ಹಾಕುವ ರಾತ್ರಿ ಹಸು ಒದ್ದಾಡಿ ಹೋಯಿತು. ತಾಯಿ ಸಣ್ಣದು, ಕರು ದೊಡ್ಡದು. ಮುಂಗಾಲು ಎರಡೂ ಬಂದು ತಲೆ ಸಿಕ್ಕಿಕೊಂಡಿತ್ತು. ಪಕ್ಕದ ಮನೆಯ ಮಾವ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು, ಹಸು ಮುಕ್ಕಿದಾಗ ಮಾತ್ರ ಎಳೆಯಬೇಕು ಕಣೋ ಅಂತ ನನಗೆ ಗದರಿಸುತ್ತಾ, ಒಂದೂವರೆ ಗಂಟೆ ಆದ ಮೇಲೆ ಹೊರಗೆ ತೆಗೆದರು. ಕರು ಸತ್ತಿತ್ತು. ಗಂಡುಗರು, ಕಪ್ಪು ಬಿಳುಪು ಮಚ್ಚೆ. ಹಸು ಎದ್ದು ನಿಂತಿದ್ದು ಮೂರನೇ ದಿನ. ಆಮೇಲೆ ನಾನು ಆ ಹಸುವನ್ನು ಗೂಡ್ಸ್ ಗಾಡಿಯಲ್ಲಿ ನಲವತ್ತು ಕಿಲೋಮೀಟರ್ ದೂರ ಹೋರಿ ಸಾಕಿರುವ ಒಬ್ಬರ ಮನೆಗೆ ಕರೆದುಕೊಂಡು ಹೋದೆ. ಈಗಿರುವ ಕಡಸು ಹಾಗೆ ಹುಟ್ಟಿದ್ದು.

ಇದಕ್ಕೆ ಪರಿಹಾರ ಏನು ದೊಡ್ಡದಲ್ಲ. ತುಮಕೂರು ಜಿಲ್ಲೆಯ ಕುಣಿಕೇನಹಳ್ಳಿಯಲ್ಲಿ ಸರ್ಕಾರದ್ದೇ ಹಳ್ಳಿಕಾರ್ ತಳಿ ಕೇಂದ್ರ ಇದೆ. ಹಳ್ಳಿಕಾರ್ ಸೀಮೆಯ ಪ್ರತಿ ಪಶು ಆಸ್ಪತ್ರೆಯಲ್ಲೂ ಹಳ್ಳಿಕಾರ್ ಕಡ್ಡಿ ಯಾವತ್ತೂ ಇರಲಿ. ಹೋಬಳಿಗೊಂದು ಬೀಜದ ಹೋರಿ ಸಾಕುವವರಿಗೆ ವರ್ಷದ ಮೇವಿನ ಖರ್ಚು ಕೊಡಿ. ಕೆಲಸಕ್ಕೆ ಹೂಡಿದ ಎತ್ತುಗಳ ಅಪ್ಪ ಆದ ಹೋರಿಯನ್ನೇ ಆರಿಸಿ, ಮೇಳದಲ್ಲಿ ಕಪ್ ಗೆದ್ದಿದ್ದನ್ನು ಮಾತ್ರ ನೋಡಬೇಡಿ.

ಗಟ್ಟಿತನದ ಬಗ್ಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಬಂದಾಗ ಕೋಲಾರ, ರಾಮನಗರ ಕಡೆ ಸೀಮೆ ಹಸುಗಳು ಹೇಗೆ ಸತ್ತವು ಅನ್ನೋದು ನಿಮ್ಮ ಇಲಾಖೆಯ ಕಡತದಲ್ಲಿದೆ. ನಮ್ಮ ಎತ್ತುಗಳಿಗೂ ಬಂತು. ಬಾಯಿ ಹುಣ್ಣಾಗಿ, ಕುಂಟಿ, ಹದಿನೈದು ದಿನ ರಾಗಿ ಅಂಬಲಿ ಕುಡಿದು ಎದ್ದವು. ಆಮೇಲೆ ಕೆಲಸಕ್ಕೂ ಬಂದವು. ರೋಗವೇ ಬರಲ್ಲ ಅಂತ ನಾನು ಸುಳ್ಳು ಹೇಳುವುದಿಲ್ಲ. ಲಸಿಕೆ ಇವಕ್ಕೂ ಬೇಕು. ತಿನ್ನೋದು ರಾಗಿ ಹುಲ್ಲು, ಕೆಲಸದ ದಿನಗಳಲ್ಲಿ ಸಂಜೆ ಬೇಯಿಸಿದ ಹುರುಳಿ, ಸ್ವಲ್ಪ ಬೂಸ. ಸೀಮೆ ಹಸುವಿಗೆ ಏಪ್ರಿಲ್‌ನಲ್ಲಿ ಫ್ಯಾನ್ ಹಾಕುತ್ತೇನೆ. ಎತ್ತುಗಳು ಹುಣಸೆಮರದ ಕೆಳಗೆ ಮೆಲುಕು ಹಾಕಿಕೊಂಡು ಮಲಗಿರುತ್ತವೆ.

ಒಂದು ಇಕ್ಕಟ್ಟಿನ ವಿಷಯ ಇದೆ, ಹೇಳದೆ ಬಿಟ್ಟರೆ ಪತ್ರ ಅರ್ಧ ಆಗುತ್ತದೆ. 2020ರ ಗೋಹತ್ಯೆ ನಿಷೇಧ ಕಾನೂನು ಸರಿಯೋ ತಪ್ಪೋ ಅಂತ ವಾದ ಮಾಡೋಕೆ ನಾನು ಬಂದಿಲ್ಲ. ನಮ್ಮ ಮನೆಯಲ್ಲಿ ದುಡಿದ ಎತ್ತನ್ನು ಮಣ್ಣು ಮಾಡುವುದೇ ಪದ್ಧತಿ. ಆದರೆ ದುಡಿಯಲಾಗದ ಎತ್ತು ಇನ್ನೂ ನಾಲ್ಕೈದು ವರ್ಷ ಬದುಕಿದರೆ ಅದರ ಮೇವು ಯಾರ ತಲೆ ಮೇಲೆ? ಕಾನೂನು ಮಾಡಿದ ಸರ್ಕಾರ, ಬೆಂಬಲಿಸಿದ ಪಟ್ಟಣದ ಜನ, ಇಬ್ಬರೂ ಒಂದು ಹೊರೆ ಹುಲ್ಲು ಕಳಿಸಿದ್ದು ನಾನು ನೋಡಿಲ್ಲ. ಇನ್ನೊಂದು, ಜಾತ್ರೆಯಿಂದ ಎಳೆಯ ಜೊತೆ ಕೊಂಡು ಗಾಡಿಯಲ್ಲಿ ತರೋಕೂ ಈಗ ಜನ ಹೆದರುತ್ತಾರೆ. ದಾರಿಯಲ್ಲಿ ಯಾರು ಅಡ್ಡ ಹಾಕುತ್ತಾರೋ, ಎಷ್ಟು ಕಾಗದ ಕೇಳುತ್ತಾರೋ. ಉಳುವವನಿಗೆ ಎತ್ತು ಸಾಗಿಸೋಕೆ ಜಾತ್ರೆಯ ಜಾಗದಲ್ಲೇ ಒಂದು ಚೀಟಿ ಕೊಟ್ಟುಬಿಡಿ, ಅದನ್ನು ಎಲ್ಲರೂ ಒಪ್ಪುವ ಹಾಗೆ ಮಾಡಿ.

ಮುಖ್ಯವಾದ ಬೇಡಿಕೆ ಒಂದೇ. ಕೆಲಸ ಮಾಡುವ ಜೋಡಿ ಎತ್ತಿಗೆ, ಅವನ್ನು ಹೆರುವ ಹಸುವಿಗೆ, ಲೀಟರ್ ಕೇಳದೆ ವರ್ಷಕ್ಕೆ ಇಷ್ಟು ಅಂತ ನೆರವು ಕೊಡಿ. ಇದು ನನ್ನ ತಲೆಯಿಂದ ಹೊಸದಾಗಿ ಹುಟ್ಟಿದ್ದಲ್ಲ. ರಾಜಸ್ಥಾನ ಸರ್ಕಾರ 2025ರ ಬಜೆಟ್‌ನಲ್ಲಿ ಎತ್ತಿನಿಂದ ಬೇಸಾಯ ಮಾಡುವ ಸಣ್ಣ ರೈತರಿಗೆ ವರ್ಷಕ್ಕೆ 30,000 ರೂಪಾಯಿ ಅಂತ ಘೋಷಿಸಿದೆ. ಅಷ್ಟೇ ಕೊಡಿ ಅಂತ ಹಟ ಇಲ್ಲ. ಎತ್ತಿಗೂ ಒಂದು ಲೆಕ್ಕ ಇದೆ ಅಂತ ಸರ್ಕಾರ ಒಪ್ಪಿದರೆ ನಮ್ಮೂರಲ್ಲೇ ಎತ್ತು ಮಾರೋಕೆ ಹೊರಟಿರುವ ಮೂರು ಮನೆಯವರು ಇನ್ನೊಂದು ವರ್ಷ ನೋಡೋಣ ಅನ್ನುತ್ತಾರೆ. ಜೊತೆಗೆ ಕಬ್ಬಿಣದ ಹಗುರ ಕೂರಿಗೆ, ಎಡೆಕುಂಟೆ, ಟೈರಿನ ಗಾಡಿ, ಇವಕ್ಕೂ ಟ್ರ್ಯಾಕ್ಟರ್ ಸಾಮಾನಿನಷ್ಟೇ ಸಬ್ಸಿಡಿ ಇರಲಿ. ಹಲುಬೆ ಮಾಡುವ ಬಡಗಿ ನಮ್ಮ ಹೋಬಳಿಗೆ ಈಗ ಒಬ್ಬರೇ ಉಳಿದಿದ್ದಾರೆ. ಅವರ ಮಗ ಬೆಂಗಳೂರಲ್ಲಿ ಮಾಡ್ಯುಲರ್ ಕಿಚನ್ ಮಾಡುತ್ತಾನೆ.

ಆ ಸಮೀಕ್ಷೆಯ ಮೊಬೈಲ್‌ನಲ್ಲಿ ಎತ್ತಿನ ಮುಂದೆ ಲೀಟರ್ ಬದಲು ಬೇರೆ ಪ್ರಶ್ನೆ ಹಾಕಿಸಿ. ವರ್ಷಕ್ಕೆ ಎಷ್ಟು ದಿನ ಹೂಡುತ್ತೀರಿ, ಎಷ್ಟು ಎಕರೆಗೆ ಎಡೆಕುಂಟೆ, ಎಷ್ಟು ಗಾಡಿ ಗೊಬ್ಬರ. ಉತ್ತರ ಹೇಳೋಕೆ ನಾನು ತಯಾರಿದ್ದೇನೆ.

ನೀವೇ ಬಂದರೆ ಇನ್ನೂ ಒಳ್ಳೆಯದು. ಹಲುಬೆಯ ದಿನ ಮಳೆ ನೋಡಿಕೊಂಡು ಗೊತ್ತಾಗುವುದು, ಮೊದಲೇ ತಾರೀಕು ಕೊಡೋಕೆ ಆಗಲ್ಲ. ಬರುವುದಾದರೆ ಬೆಳಗ್ಗೆ ಆರೂವರೆಗೇ ಬನ್ನಿ. ಬಿಸಿಲೇರಿದ ಮೇಲೆ ನಾನು ನೊಗ ಇಳಿಸಿಬಿಡುತ್ತೇನೆ.

ಇಂತಿ ನಮಸ್ಕಾರಗಳು,
ಒಬ್ಬ ರಾಗಿ ಬೆಳೆಗಾರ
ನಾಗಮಂಗಲ ತಾಲ್ಲೂಕು, ಮಂಡ್ಯ ಜಿಲ್ಲೆ